ಹದಿನಾಲ್ಕು ಗಾಡಿಗಳ ಮೆರವಣಿಗೆ



ಕಳೆದ ತಿಂಗಳು ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ತಿಕೋಟಾದ ದ್ರಾಕ್ಷಿ ತೋಟದ ಹುಡುಗ. ಹತ್ತನೆಯ ತರಗತಿಯಲ್ಲಿ ಇತಿಹಾಸವೆಂದರೆ ತೂಕಡಿಸುತ್ತಿದ್ದವನು. ಈಗ ವಯಸ್ಸು ನಲವತ್ತು ದಾಟಿದೆ, ಇತಿಹಾಸದ ಮೇಲೆ ತಡವಾಗಿ ಪ್ರೀತಿ ಹುಟ್ಟಿದೆ. ಅಲ್ಲಿನ ಸಹೋದ್ಯೋಗಿಯೊಬ್ಬರು ಅವನಿಗೆ 2009ರ ಒಂದು ಘಟನೆಯನ್ನು ಹೇಳಿದರಂತೆ. ಅಪಘಾತ ವಿಮೆಯ ವಂತಿಗೆ ಏರಿಸಿದ್ದಕ್ಕೆ ಸಾವಿರಾರು ಮೋಟಾರ್ ಸೈಕಲ್ ಸವಾರರು ಸಂಸತ್ ಭವನದ ಮುಂದೆ ಬಂದು ನಿಂತ ಕಥೆ ಅದು. ಅದನ್ನೆಲ್ಲ ಹೇಳಿ ಮುಗಿಸಿ ಅವನು ಕೇಳಿದ: "ಸರ್, ನಮ್ಮ ಕಡೆ ಇಂಥಾದ್ದು ಯಾವಾಗರೆ ಆಗಿತ್ತೇನ್ರಿ?"

"ಆಗಿತ್ತಪ್ಪಾ," ಎಂದೆ. "ಆದರ ಹದಿನಾಲ್ಕ ಗಾಡಿ."

ಅವನು ಬಹಳ ಹೊತ್ತು ನಕ್ಕ. ಹದಿನಾಲ್ಕೇ ಏಕೆ ಎಂಬುದನ್ನು ದೂರವಾಣಿಯಲ್ಲಿ ವಿವರಿಸಲಾಗಲಿಲ್ಲ. ಆದ್ದರಿಂದ ಈ ಬರಹ.

ಮೊದಲು ಅವರ ಕಥೆ. ನ್ಯೂಜಿಲೆಂಡಿನಲ್ಲಿ ನ್ಯಾಯಮೂರ್ತಿ ಓವೆನ್ ವುಡ್‌ಹೌಸ್ ಅವರ 1967ರ ವರದಿಯ ಆಧಾರದ ಮೇಲೆ, 1974ರ ಏಪ್ರಿಲ್ 1ರಿಂದ ಒಂದು ವಿಶಿಷ್ಟ ವ್ಯವಸ್ಥೆ ಜಾರಿಗೆ ಬಂತು. ಅಪಘಾತದಲ್ಲಿ ಗಾಯಗೊಂಡವನಿಗೆ, ತಪ್ಪು ಯಾರದೆಂದು ಕೇಳದೆಯೇ, ಚಿಕಿತ್ಸೆ ಮತ್ತು ಪರಿಹಾರ ದೊರೆಯುತ್ತದೆ. ಅದಕ್ಕೆ ಪ್ರತಿಯಾಗಿ ಪ್ರಜೆಗಳು ಗಾಯಕ್ಕಾಗಿ ನ್ಯಾಯಾಲಯದಲ್ಲಿ ಪರಿಹಾರದ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಟ್ಟರು. ಇದನ್ನು ನಡೆಸುವ ಸಂಸ್ಥೆಗೆ ಎಸಿಸಿ ಎಂದು ಹೆಸರು. ಹಣ ಬರುವುದು ಸಂಬಳದಿಂದ, ಪೆಟ್ರೋಲಿನಿಂದ ಮತ್ತು ವಾಹನಗಳ ವಾರ್ಷಿಕ ನೋಂದಣಿಯಿಂದ ಸಂಗ್ರಹವಾಗುವ ವಂತಿಗೆಯಿಂದ. 2009ರಲ್ಲಿ ಆ ಸಂಸ್ಥೆಯು, ಮೋಟಾರ್ ಸೈಕಲ್ ಸವಾರರ ಮೇಲೆ ಆಗುವ ಖರ್ಚಿಗೆ ಅವರು ಕೊಡುವ ಹಣ ಸಾಲದೆಂದು ಹೇಳಿ, ದೊಡ್ಡ ಬೈಕುಗಳ ವಾರ್ಷಿಕ ವಂತಿಗೆಯನ್ನು ಸುಮಾರು 253 ಡಾಲರಿನಿಂದ ಸುಮಾರು 746 ಡಾಲರಿಗೆ ಏರಿಸಲು ಪ್ರಸ್ತಾಪಿಸಿತು. ಸವಾರರ ವಾದವೂ ಗಟ್ಟಿಯಾಗಿತ್ತು: ತಪ್ಪು ಯಾರದೆಂದು ಕೇಳದ ವ್ಯವಸ್ಥೆಯಲ್ಲಿ ನಮ್ಮೊಬ್ಬರನ್ನೇ ಬೇರ್ಪಡಿಸಿ ದಂಡ ಹಾಕುವುದೇಕೆ? ಎಷ್ಟೋ ಸಲ ನಮಗೆ ಗುದ್ದಿದವನು ಕಾರಿನವನಲ್ಲವೇ?

ಆ ವರ್ಷ ನವೆಂಬರ್ 17ರಂದು ಅವರು ಸಂಸತ್ತಿನತ್ತ ಸವಾರಿ ಹೊರಟರು. ಮಾವೊರಿ ಜನರ ಭಾಷೆಯಲ್ಲಿ ದೀರ್ಘ ಪಾದಯಾತ್ರೆಗೆ 'ಹೀಕೋಯ್' ಎನ್ನುತ್ತಾರೆ. 1975ರಲ್ಲಿ ತಮ್ಮ ಭೂಮಿಯ ಹಕ್ಕಿಗಾಗಿ ಫಿನಾ ಕೂಪರ್ ಎಂಬ ವೃದ್ಧೆಯ ನೇತೃತ್ವದಲ್ಲಿ ಅವರು ನಡೆದ ಯಾತ್ರೆ ಲೋಕಪ್ರಸಿದ್ಧ. ಸವಾರರು ಆ ಮಾತಿಗೆ ಬೈಕನ್ನು ಜೋಡಿಸಿ 'ಬೈಕೋಯ್' ಎಂದು ಕರೆದರು. ಕಡೆಗೆ ವಂತಿಗೆ ಏರಿತು, ಆದರೆ ಮೊದಲು ಹೇಳಿದಷ್ಟು ಏರಲಿಲ್ಲ. ಜೊತೆಗೆ ಪ್ರತಿ ಸವಾರನಿಂದ ವರ್ಷಕ್ಕೆ 30 ಡಾಲರ್ ತೆಗೆದುಕೊಂಡು, ಅದನ್ನು ಸವಾರರ ಸುರಕ್ಷತೆಗೇ ಬಳಸುವ ಏರ್ಪಾಡಾಯಿತು. ನನಗೆ ಇಡೀ ಕಥೆಯಲ್ಲಿ ಮೆಚ್ಚಿಗೆಯಾದದ್ದು ಈ ಕೊನೆಯ ಭಾಗ.

ನಮ್ಮ ದೇಶದ ದಾರಿ ಬೇರೆ. ಇಂಗ್ಲೆಂಡಿನಲ್ಲಿ 1930ರ ಕಾನೂನಿನಿಂದ, ರಸ್ತೆಯ ಮೇಲೆ ವಾಹನ ತರುವವನು ಅದರಿಂದ ಇತರರಿಗೆ ಆಗುವ ಹಾನಿಗೆ ವಿಮೆ ಇಳಿಸಲೇಬೇಕೆಂಬ ನಿಯಮ ಬಂತು. ಅದರ ನೆರಳಿನಲ್ಲಿಯೇ ನಮ್ಮ 1939ರ ಮೋಟಾರು ವಾಹನ ಕಾಯ್ದೆ ರೂಪುಗೊಂಡಿತು. ಅದರ ಕಡ್ಡಾಯ ವಿಮೆಯ ಅಧ್ಯಾಯ ಮಾತ್ರ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕಾಯ್ದೆಯ ಭಾಷೆಯಲ್ಲಿ ವಾಹನದ ಮಾಲೀಕ ಮೊದಲನೆಯವನು, ವಿಮಾ ಕಂಪನಿ ಎರಡನೆಯದು, ದಾರಿಯಲ್ಲಿ ಪೆಟ್ಟು ತಿಂದವನು ಮೂರನೆಯವನು. ಈ ಮೂರನೆಯವನಿಗಾಗಿಯೇ 'ಥರ್ಡ್ ಪಾರ್ಟಿ' ವಿಮೆ. ನಮ್ಮವರು ಇದನ್ನು 'ಆಕ್ಟ್ ಪಾಲಿಸಿ' ಎನ್ನುವುದುಂಟು. ಹಣ ಕೊಡುವವನಿಗೆ ಅದರಿಂದ ಕಣ್ಣಿಗೆ ಕಾಣುವ ಲಾಭವಿಲ್ಲ. ಅವನ ಗಾಡಿ ನುಚ್ಚುನೂರಾದರೂ ಒಂದು ಪೈಸೆ ಬರುವುದಿಲ್ಲ. ಅವನ ಹಿಂದೆ ಕುಳಿತು ಬಿದ್ದವನಿಗೂ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಸ್ಪಷ್ಟಪಡಿಸಿತು. ತನಗೆ ಗುರುತೇ ಇಲ್ಲದ ಯಾರೋ ದಾರಿಹೋಕನಿಗಾಗಿ ಪ್ರತಿ ವರ್ಷ ಕಿಸೆಯಿಂದ ಹಣ ತೆಗೆಯಬೇಕು. ಇದನ್ನು ತಿಳಿಸಿಹೇಳುವುದು ಬೀಜಗಣಿತ ಕಲಿಸುವುದಕ್ಕಿಂತ ಕಷ್ಟ.

1973ರ ಜನವರಿ 1ರಂದು 107 ಸಾಮಾನ್ಯ ವಿಮಾ ಕಂಪನಿಗಳು ರಾಷ್ಟ್ರೀಕರಣಗೊಂಡು ನಾಲ್ಕಾದವು. ನಾನು ವೃತ್ತಿಗೆ ಸೇರಿದ ಎಂಬತ್ತರ ದಶಕದಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ಸೈಕಲ್ಲುಗಳದೇ ಸಾಲು. ಮುಖ್ಯೋಪಾಧ್ಯಾಯರ ರಾಜದೂತ್ ಒಂದೇ ಫಟಫಟಿ. 1985ರಲ್ಲಿ ಹೀರೋ ಹೋಂಡಾ ಕಂಪನಿಯ ಸಿ.ಡಿ. 100 ಬಂದ ಮೇಲೆ ಒಂದು ಲೀಟರಿಗೆ ಎಷ್ಟು ದೂರ ಓಡುತ್ತದೆಂಬುದೇ ಊರೂರಿನ ಮಾತಾಯಿತು. ಬಬಲೇಶ್ವರ, ತಿಕೋಟಾ ಕಡೆ ದ್ರಾಕ್ಷಿ ಹಬ್ಬಿತು, ಒಣದ್ರಾಕ್ಷಿಯ ಶೆಡ್ಡುಗಳು ಎದ್ದವು. ತೋಟದ ಮಾಲೀಕನಿಗೂ ಕೂಲಿಗೆ ಬರುವವನಿಗೂ ಗಾಡಿ ಅನಿವಾರ್ಯವಾಯಿತು. ಔಷಧ ಹೊಡೆಯುವ ಪಂಪು, ಕಬ್ಬಿನ ಹೊರೆ, ಹೆಂಡತಿ, ಎರಡು ಮಕ್ಕಳು, ಎಲ್ಲವೂ ಒಂದೇ ಗಾಡಿಯ ಮೇಲೆ! ಕೊಳ್ಳುವಾಗ ಶೋರೂಮಿನವರು ಕಟ್ಟಿಕೊಡುವ ಮೊದಲ ವರ್ಷದ ವಿಮೆ ಮುಗಿದ ಮೇಲೆ ಅದನ್ನು ನವೀಕರಿಸಿದವರನ್ನು ಹುಡುಕಬೇಕಿತ್ತು.

ಈಗ 2018ಕ್ಕೆ ಬರೋಣ. ಅದರ ಹಿಂದಿನ ವರ್ಷ, ಅಂದರೆ 2017ರ ಮಾರ್ಚ್ 30ರಿಂದ, ಥರ್ಡ್ ಪಾರ್ಟಿ ದರದ ಏರಿಕೆಯನ್ನು ವಿರೋಧಿಸಿ ದಕ್ಷಿಣದ ರಾಜ್ಯಗಳ ಲಾರಿ ಮಾಲೀಕರು ಮುಷ್ಕರ ಹೂಡಿದ್ದರು. ಕರ್ನಾಟಕದ ಲಾರಿಗಳೂ ನಿಂತವು. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಮಾತುಕತೆಯಾಗಿ ವಿಮಾ ನಿಯಂತ್ರಣ ಪ್ರಾಧಿಕಾರ ದರವನ್ನು ತಗ್ಗಿಸಿತು. ಲಾರಿಯವರಿಗೆ ಸಂಘವಿತ್ತು, ನಿಲ್ಲಿಸಲು ಸರಕಿತ್ತು. ದ್ವಿಚಕ್ರದವನು ಗಾಡಿ ನಿಲ್ಲಿಸಿದರೆ ನಷ್ಟ ಅವನ ಮನೆಗಷ್ಟೇ.

2018ರ ಜುಲೈ 20ರಂದು ದೇಶದ ಲಾರಿಗಳು ಮತ್ತೆ ನಿಂತವು. ಥರ್ಡ್ ಪಾರ್ಟಿ ಕಂತಿನ ಪ್ರಶ್ನೆ ಆಗಲೂ ಬೇಡಿಕೆಗಳಲ್ಲಿತ್ತು. ಕಾಕತಾಳೀಯವಾಗಿ ಅದೇ ದಿನ ಸರ್ವೋಚ್ಚ ನ್ಯಾಯಾಲಯ, ಕೊಯಮತ್ತೂರಿನ ಮೂಳೆ ವೈದ್ಯ ಡಾ. ಎಸ್. ರಾಜಶೇಖರನ್ ಅವರು 2012ರಲ್ಲಿ ಸಲ್ಲಿಸಿದ್ದ ಅರ್ಜಿಯಲ್ಲಿ, ಒಂದು ಆದೇಶ ನೀಡಿತು. ಸೆಪ್ಟೆಂಬರ್ 1ರಿಂದ ಮಾರಾಟವಾಗುವ ಪ್ರತಿ ಹೊಸ ದ್ವಿಚಕ್ರ ವಾಹನಕ್ಕೆ ಒಮ್ಮೆಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ದೇಶದಲ್ಲಿ ಸುಮಾರು 18 ಕೋಟಿ ವಾಹನಗಳಿದ್ದು ವಿಮೆ ಇರುವುದು ಸುಮಾರು 6 ಕೋಟಿಗೆ ಮಾತ್ರ ಎಂಬ ಲೆಕ್ಕ ನ್ಯಾಯಾಲಯದ ಮುಂದಿತ್ತು. ನಮ್ಮ ಕಡೆ ಹೆಚ್ಚಾಗಿ ಓಡುವ 75ರಿಂದ 150 ಸಿ.ಸಿ. ಗಾಡಿಗೆ ಈ ಐದು ವರ್ಷದ ಕಂತು ತೆರಿಗೆ ಬಿಟ್ಟು 3,285 ರೂಪಾಯಿ.

ಅದು ಹೊಸ ಗಾಡಿಯವರ ಕಷ್ಟ. ಹಳೆಯ ಗಾಡಿಯವರಿಗೆ ಬಿಸಿ ಮುಟ್ಟಿದ್ದು ಸೆಪ್ಟೆಂಬರ್ 20ರಂದು. ಮಾಲೀಕ ತಾನೇ ಓಡಿಸುವಾಗ ಸತ್ತರೆ ಅವನ ಮನೆಯವರಿಗೆ ಸಿಗುವ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯ ಮೊತ್ತ ದ್ವಿಚಕ್ರಕ್ಕೆ ಒಂದು ಲಕ್ಷವಿತ್ತು, ಕಂತು 50 ರೂಪಾಯಿ. ಆ ಮೊತ್ತ ತೀರ ಅಲ್ಪವೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2017ರಲ್ಲಿ ಹೇಳಿದ್ದನ್ನು ಅನುಸರಿಸಿ ಪ್ರಾಧಿಕಾರ ಅದನ್ನು 15 ಲಕ್ಷಕ್ಕೆ ಏರಿಸಿತು. ಕಂತು 750 ಆಯಿತು. ಥರ್ಡ್ ಪಾರ್ಟಿಯ 720 ಸೇರಿಸಿದರೆ ನಿನ್ನೆಯವರೆಗೆ 770 ಇದ್ದದ್ದು ಇಂದು 1,470, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 249 ರೂಪಾಯಿ. ಅಂದರೆ ಸುಮಾರು ಏಳು ದಿನದ ದುಡಿಮೆ.

ನಾನು ಅದೇ ವರ್ಷ ನಿವೃತ್ತನಾಗಿದ್ದೆ. ತಿಕೋಟಾ, ಬಬಲೇಶ್ವರಗಳು ಆಗತಾನೆ ಹೊಸ ತಾಲೂಕುಗಳಾಗಿದ್ದವು. ತಿಕೋಟಾದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನನ್ನ ಶಿಷ್ಯ (ಹೆಸರು ಬರೆಯಬೇಡಿರಿ ಎಂದಿದ್ದಾನೆ) ಒಂದು ಸಂಜೆ ಮನೆಗೆ ಬಂದು, "ಸರ್, ಗಾಡಿಗಿಂತ ಕಾಗದದ ತೂಕನ ಹೆಚ್ಚಾತು ನೋಡ್ರಿ. ನೀವೊಂದು ಮನವಿ ಬರದುಕೊಡ್ರಿ, ನಾವು ಗಾಡಿ ತಗೊಂಡು ಡಿ.ಸಿ. ಆಫೀಸಿಗೆ ಹೊಕ್ಕೀವಿ," ಎಂದ. ನಮ್ಮ ವಿಜಯಪುರದಲ್ಲಿ ಬೈಕ್ ರ‍್ಯಾಲಿ ಹೊಸದೇನಲ್ಲ; ಚುನಾವಣೆಗೆ, ಜಯಂತಿಗೆ, ನೀರಾವರಿ ಹೋರಾಟಕ್ಕೆ ಗಾಂಧಿ ಚೌಕದಲ್ಲಿ ಅವುಗಳನ್ನು ನೋಡಿದ್ದೇವೆ. ಗಾಡಿಯವರು ಗಾಡಿಯ ವಿಷಯಕ್ಕೇ ಹೊರಡುವುದನ್ನು ನಾನು ಕಂಡಿರಲಿಲ್ಲ. ಉತ್ಸಾಹದಿಂದ ಒಪ್ಪಿಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಉಪ್ಪಿನ ಸತ್ಯಾಗ್ರಹದ ಪಾಠ ಹೇಳಿದವನಿಗೆ ಇಂಥ ಆಸೆ ಇರುವುದು ಸಹಜವೆಂದು ಕ್ಷಮಿಸಬೇಕು.

ಮೊದಲ ಸಭೆ ಗ್ಯಾರೇಜಿನ ಮುಂದೆ, ಬೇವಿನ ಮರದ ಕೆಳಗೆ. ಅಕ್ಟೋಬರ್ ಚಾಟ್ನಿಯ ಕೆಲಸ ಜೋರಾಗಿದ್ದರೂ ಕತ್ತಲಾದ ಮೇಲೆ ಅರವತ್ತು ಜನ ಸೇರಿದರು. ಕೋಪಕ್ಕೇನೂ ಕೊರತೆ ಇರಲಿಲ್ಲ. 'ವಿಮೆಯ ಸುಲಿಗೆ ನಿಲ್ಲಲಿ, ಕಡ್ಡಾಯ ರದ್ದಾಗಲಿ' ಎಂದು ಘೋಷಣೆ ಬರೆಯಲು ಒಬ್ಬ ಆಗಲೇ ಬಟ್ಟೆ ತಂದಿದ್ದ. ಆಗ ಹಿಂದಿನಿಂದ ಒಬ್ಬ ಎದ್ದು ನಿಂತು ಕೇಳಿದ: "ಗುರುಗಳ, ಒಂದ್ ಮಾತ್ ಕೇಳ್ತೀನ್ರಿ. ಇನ್ಸೂರೆನ್ಸ್ ಬ್ಯಾಡ ಅಂತ ಹೊಂಟೀರೋ, ಸೋವಿ ಮಾಡ್ರಿ ಅಂತ ಹೊಂಟೀರೋ?"

ಕೇಳಿದವನು ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಉತ್ತರಿಸಲಿಲ್ಲ.

ಅವನ ಅಣ್ಣ ನನ್ನ ವಿದ್ಯಾರ್ಥಿ. ಗೌಂಡಿ ಕೆಲಸ ಮಾಡುತ್ತಿದ್ದ. 2013ರಲ್ಲಿ ಒಂದು ಸಂಜೆ ಬಬಲೇಶ್ವರದ ರಸ್ತೆಯ ಅಂಚಿನಲ್ಲಿ ನಡೆದು ಮನೆಗೆ ಬರುತ್ತಿದ್ದಾಗ ಹಿಂದಿನಿಂದ ಬಂದ ಗಾಡಿ ಬಡಿಯಿತು. ಎರಡು ದಿನದ ಮೇಲೆ ತೀರಿಕೊಂಡ. ಗಾಡಿ ಓಡಿಸುತ್ತಿದ್ದವನೂ ನನ್ನ ವಿದ್ಯಾರ್ಥಿಯೇ, ಅದೇ ತರಗತಿಯವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ಅವನ ಗಾಡಿಯ ವಿಮೆ ಮುಗಿದು ಐದು ತಿಂಗಳಾಗಿತ್ತು. ಪರಿಹಾರ ನ್ಯಾಯಮಂಡಳಿ ಮೂರು ವರ್ಷದ ನಂತರ ಆರು ಲಕ್ಷಕ್ಕೂ ಮಿಕ್ಕಿದ ಮೊತ್ತವನ್ನು ನಿಗದಿ ಮಾಡಿತು. ವಿಮೆ ಇದ್ದಿದ್ದರೆ ಕಂಪನಿ ಕಟ್ಟುತ್ತಿತ್ತು. ಇಲ್ಲದ್ದರಿಂದ ಮಾಲೀಕನೇ ಕಟ್ಟಬೇಕು. ಮಾಲೀಕನೆಂದರೆ ಪರರ ತೋಟದಲ್ಲಿ ದಿನಗೂಲಿಗೆ ದುಡಿಯುವವನು. ಗಾಡಿ ಮಾರಿದ, ಹೆಂಡತಿಯ ಬೋರಮಾಳ ಮಾರಿದ. ಆಮೇಲೆ ವರ್ಷಕ್ಕೊಮ್ಮೆ, ಒಣದ್ರಾಕ್ಷಿಯ ಕೆಲಸ ಮುಗಿದಾಗ, ಮೂರೋ ನಾಲ್ಕೋ ಸಾವಿರ ಒಯ್ದು ಆ ವಿಧವೆಯ ಮನೆಯ ಕಟ್ಟೆಯ ಮೇಲಿಟ್ಟು ಬರುತ್ತಿದ್ದ. ಆಕೆ ಮಾತನಾಡಿಸುತ್ತಿರಲಿಲ್ಲ, ಹಣವನ್ನು ತಿರಸ್ಕರಿಸುತ್ತಲೂ ಇರಲಿಲ್ಲ. ಎರಡು ಮಕ್ಕಳನ್ನು ಓದಿಸಬೇಕಿತ್ತು.

ನಾನು ಆ ರಾತ್ರಿ ಬರೆದಿದ್ದ ಮನವಿಯನ್ನು ಹರಿದುಹಾಕಿದೆ. ನನ್ನ ವಾಕ್ಯಗಳು ಚೆನ್ನಾಗಿದ್ದವು, ಆದರೆ ಅವುಗಳಲ್ಲಿ ಮೂರನೆಯವನು ಇರಲೇ ಇಲ್ಲ. ಹೊಸ ಮನವಿಯಲ್ಲಿ ವಿಮೆ ಬೇಡವೆಂಬ ಮಾತು ಹೋಯಿತು. ಥರ್ಡ್ ಪಾರ್ಟಿ ಕಂತಿನ ಮೇಲಿನ ಜಿ.ಎಸ್.ಟಿ. ತೆಗೆಯಿರಿ, ಕಂತನ್ನು ಎರಡು ಮೂರು ಭಾಗ ಮಾಡಿ ಕಟ್ಟಲು ಬಿಡಿರಿ ಎಂದು ಕೇಳಿದೆವು. 750 ರೂಪಾಯಿಯ ವಿಷಯದಲ್ಲಿ ನಮ್ಮ ತಕರಾರು ಬೇರೆಯೇ ಇತ್ತು. ಆ 15 ಲಕ್ಷ ಸಿಗುವುದು ಗಾಡಿ ಯಾರ ಹೆಸರಿನಲ್ಲಿದೆಯೋ ಅವನಿಗೆ ಮಾತ್ರ, ಅದೂ ಲೈಸೆನ್ಸ್ ಇದ್ದರೆ. ನಮ್ಮ ಹಳ್ಳಿಗಳಲ್ಲಿ ಗಾಡಿ ತಂದೆಯ ಹೆಸರಿನಲ್ಲಿ, ಓಡಿಸುವವನು ಮಗ. ಹಣ ಕಟ್ಟಿದವನು ಮನೆಯಲ್ಲಿ, ಅಪಾಯ ರಸ್ತೆಯಲ್ಲಿ! ಎರಡು ಗಾಡಿ ಇದ್ದವನು ಎರಡು ಸಲ 750 ಕಟ್ಟಬೇಕಾಗಿ ಬಂದಿತ್ತು, ಸಾಯುವುದು ಮಾತ್ರ ಒಂದೇ ಸಲ.

ಮುಂದಿನ ಸಭೆಗೆ ಎಲ್ಲರೂ ಪಾಲಿಸಿಯ ಕಾಗದ ತರಬೇಕೆಂದೆ. ಪೊಲೀಸರ ಅನುಮತಿ ಪಡೆದು ಹೊರಡುವ ಮೆರವಣಿಗೆ. ಮೊದಲ ತಿರುವಿನಲ್ಲೇ ಕಾಗದ ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ? ನಲವತ್ತೇಳು ಗಾಡಿಗಳು ಬಂದವು. ಶಿಷ್ಯ ಬ್ಯಾಟರಿ ಹಿಡಿದು ಒಂದೊಂದೇ ಕಾಗದ ಓದಿದ. ಕೆಲವು ಮಡಿಕೆಯಲ್ಲೇ ಹರಿದಿದ್ದವು, ಒಂದು 2011ರದ್ದು, ಒಬ್ಬ ಮಾಲಿನ್ಯ ತಪಾಸಣೆಯ ಚೀಟಿಯನ್ನೇ ವಿಮೆಯೆಂದು ನಂಬಿದ್ದ. ಅವಧಿ ಇದ್ದದ್ದು ಹನ್ನೊಂದಕ್ಕೆ.

ಅಲ್ಲಿಗೆ ನಮ್ಮ ರ‍್ಯಾಲಿ ಮುಗಿಯಿತೆಂದೇ ತಿಳಿದೆ. "ಎಲ್ಲಾರೂ ಹಂಗ ಹೋಗೋಣ್ರಿ, ಯಾರ ಕೇಳ್ತಾರ" ಎಂದವರಿದ್ದರು. ನಾನು ಒಪ್ಪಲಿಲ್ಲ, ಒಂದಿಷ್ಟು ಜನ ನನ್ನ ಮೇಲೆ ಸಿಟ್ಟಾಗಿ ಎದ್ದು ಹೋದರು. ಆ ಸಿಟ್ಟು ಕೆಲವರಲ್ಲಿ ಇನ್ನೂ ಇದೆ, ಅದೂ ನ್ಯಾಯವೇ. ಉಳಿದವರಲ್ಲಿ ಮೂವರು ಆ ವಾರವೇ ಹೋಗಿ, ಯಾವುದನ್ನು ವಿರೋಧಿಸಬೇಕೆಂದಿದ್ದೆವೋ ಆ ಏರಿದ ದರವನ್ನೇ ಕಟ್ಟಿ ಬಂದರು. ಹೀಗೆ ಹದಿನಾಲ್ಕು.

ದೀಪಾವಳಿ ಕಳೆದ ಮೇಲೆ ನವೆಂಬರಿನ ಒಂದು ಸೋಮವಾರ ಹೊರಟೆವು. ತಿಕೋಟಾದಿಂದ ಎಂಟು ಗಾಡಿ ತೊರವಿಯ ಮೇಲೆ, ಬಬಲೇಶ್ವರದಿಂದ ಆರು. ಎರಡೂ ಕಡೆಯಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದಾರಿ. ವೇಗ ಮೂವತ್ತು ದಾಟಬಾರದು, ಒಂದರ ಹಿಂದೆ ಒಂದು, ಹಾರ್ನ್ ಇಲ್ಲ, ಎಲ್ಲರ ತಲೆಯ ಮೇಲೂ ಹೆಲ್ಮೆಟ್. ಐದು ಹೆಲ್ಮೆಟ್ ಎರವಲು ತಂದವು, ಒಂದು ನನ್ನ ಅಳಿಯನದು. ಮುಂದಿನ ಗಾಡಿ ಗ್ಯಾರೇಜಿನವನದು, ಕೊನೆಯದು ನನ್ನದು. ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಕಣ್ಣಿಡುವ ಚಟ ಹೋಗಿರಲಿಲ್ಲ. ಕಾಗದವಿಲ್ಲದ ಮೂವತ್ತು ಜನ ಬಸ್ಸಿಗೂ ಟಂಟಂಗೂ ಹಣ ಕೊಟ್ಟು ಬಂದು ನಗರದಲ್ಲಿ ಕೂಡಿಕೊಂಡರು. ಗಾಂಧಿ ಚೌಕದಲ್ಲಿ ಹಣ್ಣು ಮಾರುವ ಹೆಣ್ಣುಮಗಳೊಬ್ಬಳು ಯಾವ ಪಕ್ಷದವರೆಂದು ವಿಚಾರಿಸಿದಳು. ಯಾವ ಪಕ್ಷವೂ ಅಲ್ಲವೆಂದಾಗ ಆಸಕ್ತಿ ಕಳೆದುಕೊಂಡಳು.

ಕಚೇರಿಯ ಮುಂದೆ ಮನವಿ ಓದಿದೆ. ಬಸ್ಸಿನಲ್ಲಿ ಬಂದವರ ಗುಂಪಿನ ಹಿಂದೆ, ಗೋಡೆಗೆ ಒರಗಿ, 2013ರ ಆ ಗಾಡಿಯವನು ನಿಂತಿದ್ದ. ಅವನಿಗೆ ಈಗ ಗಾಡಿಯೇ ಇಲ್ಲ; ಕಡಿಮೆಯಾಗಬೇಕಾದ ಯಾವ ಕಂತೂ ಇಲ್ಲ. ಸತ್ತವನ ತಮ್ಮ ಮುಂದಿನ ಸಾಲಿನಲ್ಲಿದ್ದ. ಇಬ್ಬರೂ ಮಾತನಾಡಲಿಲ್ಲ. ಆದರೆ ಹಿಂತಿರುಗುವಾಗ ಇಬ್ಬರೂ ಹತ್ತಿದ್ದು ಒಂದೇ ಬಸ್ಸು.

ಮನವಿಗೆ ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. 2019ರ ಜನವರಿಯಿಂದ ವೈಯಕ್ತಿಕ ಅಪಘಾತ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಬಹುದು, ಎರಡು ಗಾಡಿ ಇದ್ದವನಿಗೆ ಒಂದೇ ಸಾಕು ಎಂದಾಯಿತು. ಅದು ನಮ್ಮ ಹದಿನಾಲ್ಕು ಗಾಡಿಗಳಿಂದ ಆದದ್ದೆಂದು ಯಾರೂ ಭಾವಿಸಬಾರದು. ದೇಶದ ಎಲ್ಲ ಕಡೆ ಆ ದೂರಿತ್ತು. ಥರ್ಡ್ ಪಾರ್ಟಿಯ ದರ 2019ರಲ್ಲಿ 752 ಆಯಿತು, 2022ರ ಜೂನಿನಲ್ಲಿ 714ಕ್ಕೆ ಇಳಿಯಿತು.

ಮೂರನೆಯವನ ಕಡೆಗೂ ಕಾನೂನು ನಿಧಾನವಾಗಿ ತಿರುಗುತ್ತಿದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ತುಂಡಾದ ಹರೀಶ್ ಎಂಬ ಬೈಕ್ ಸವಾರ, ಆ ಸ್ಥಿತಿಯಲ್ಲೂ ಕಣ್ಣು ದಾನ ಮಾಡಿರೆಂದು ಹೇಳಿ ಪ್ರಾಣ ಬಿಟ್ಟದ್ದು ನಿಮಗೆ ನೆನಪಿರಬಹುದು. ಅವನ ಹೆಸರಿನಲ್ಲಿ ನಮ್ಮ ರಾಜ್ಯ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಉಚಿತ ಚಿಕಿತ್ಸೆಯ ಯೋಜನೆ ತಂದಿತು. ಗುದ್ದಿ ಓಡಿಹೋದ ವಾಹನದಿಂದ ಸತ್ತವರ ಮನೆಯವರಿಗೆ ಇದ್ದ 25,000 ರೂಪಾಯಿಯ ಪರಿಹಾರ 2022ರ ಏಪ್ರಿಲ್‌ನಿಂದ ಎರಡು ಲಕ್ಷವಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆಯನ್ನು ಪ್ರಕಟಿಸಿತು. ವೆಲಿಂಗ್ಟನ್ನಿನ ಶಿಷ್ಯನಿಗೆ ಇದನ್ನು ಹೇಳಿದಾಗ, "ಇದು ನಮ್ಮ ಎಸಿಸಿಯ ಸಣ್ಣ ತಮ್ಮ ಇದ್ದಂಗ ಐತಲ್ರಿ ಸರ್," ಎಂದ. ಅವನು 'ನಮ್ಮ' ಎಂದದ್ದನ್ನು ಗಮನಿಸಿ ಸುಮ್ಮನಾದೆ.

ಗ್ಯಾರೇಜಿನ ಒಳಗೋಡೆಯ ಮೇಲೆ ಆ ಸಭೆಯ ಮರುದಿನ ಶಿಷ್ಯ ಸುಣ್ಣದಲ್ಲಿ ನಲವತ್ತೇಳು ಗಾಡಿಗಳ ಸಂಖ್ಯೆ ಬರೆದು, ಪಕ್ಕದಲ್ಲಿ ವಿಮೆ ಮುಗಿಯುವ ದಿನಾಂಕಕ್ಕೆ ಜಾಗ ಬಿಟ್ಟಿದ್ದ. ಮೊನ್ನೆ ಚೈನ್ ಬಿಗಿ ಮಾಡಿಸಲು ಹೋದಾಗ ನೋಡಿದೆ. ಕೆಲವು ಗಾಡಿ ಮಾರಾಟವಾಗಿ ಸಂಖ್ಯೆಗಳು ಅಳಿಸಿವೆ, ಹೊಸವು ಸೇರಿವೆ, ಐದಾರರ ಮುಂದೆ ಜಾಗ ಖಾಲಿಯೇ ಇದೆ. ನನ್ನ ಗಾಡಿಯ ಮುಂದೆ ಮಾರ್ಚ್ 14 ಎಂದಿದೆ. "ಸರ್, ಹತ್ತನೇ ತಾರೀಖಿಗೆ ಫೋನ್ ಮಾಡ್ತೀನ್ರಿ, ನೀವು ಮರೀತೀರಿ," ಎಂದ.